ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುತ್ತದಾ?

(ಒಂದು ಸಂಜೆ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆ, ಊಟ, ಆರೋಗ್ಯ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಬಿರುಕು ಬಿಟ್ಟ ಕೆರೆಯಂಗಳ, ಒಣಗಿದ ಪೈರು, ತಲೆ ಮೇಲೆ ಕೈ ಹೊತ್ತು ಕೂತ ರೈತ. ಪತ್ರಿಕೆಯಲ್ಲಿ ವರ್ಷ ವರ್ಷವೂ ಅದೇ ಫೋಟೊ. ಅದೇನೂ ಸುಳ್ಳಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಆದರೆ ಇವತ್ತು ಬರದ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ. ಮಳೆ ಚೆನ್ನಾಗಿ ಬಂದ ವರ್ಷದ ಬಗ್ಗೆ ಮಾತಾಡುತ್ತೇನೆ.

ಕಟ್ಟೆ ತುಂಬಿದೆ. ನಾಲೆಗೆ ನೀರು ಬಿಟ್ಟಿದ್ದಾರೆ. ಭತ್ತ ಹುಲುಸಾಗಿ ಬಂದಿದೆ. ಒಕ್ಕಣೆ ಮುಗಿಸಿ ಚೀಲ ಎಣಿಸಿದರೆ ಹೋದ ಸಲಕ್ಕಿಂತ ಹೆಚ್ಚೇ ಇದೆ. ಅಂಥ ವರ್ಷದಲ್ಲೂ ಆ ಅನ್ನ ಉಂಡ ಮಗುವಿಗೆ ಏನೋ ಒಂದು ಕಮ್ಮಿ ಬೀಳುತ್ತಾ ಹೋಗಬಹುದು. ಮಗು ಅಳುವುದಿಲ್ಲ, ಯಾಕೆಂದರೆ ಹೊಟ್ಟೆ ತುಂಬಿದೆ. ತಾಯಿಗೂ ತಿಳಿಯುವುದಿಲ್ಲ. ಕಮ್ಮಿಯಾಗುತ್ತಿರುವುದು ಕಾಳಿನೊಳಗಿನ ಸತ್ವ. ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಜಗತ್ತಿನ ಆರೋಗ್ಯಕ್ಕೆ ಬರುವ ದೊಡ್ಡ ಪೆಟ್ಟುಗಳಲ್ಲಿ ಇದೂ ಒಂದು ಅನ್ನುವುದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣದ ಪೆಟ್ಟಾದ್ದರಿಂದ ಅದರ ಬಗ್ಗೆ ಗಲಾಟೆಯೂ ಇಲ್ಲ.

ಇದನ್ನು ಬಿಡಿಸಿ ಹೇಳಲು ಸ್ವಲ್ಪ ಹಿಂದೆ ಹೋಗಬೇಕು. 1958, ಇರಾನಿನ ಶಿರಾಜ್ ನಗರ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ತರಬೇತಿ ಪಡೆದ ಆನಂದ ಪ್ರಸಾದ್ ಎಂಬ ವೈದ್ಯರು ಆಗ ಅಲ್ಲಿ ಕೆಲಸ ಮಾಡುತ್ತಿದ್ದರು. ಅವರ ಮುಂದೆ ಒಬ್ಬ ರೋಗಿ ಬಂದ. ವಯಸ್ಸು 21. ನೋಡಿದರೆ ಹತ್ತು ವರ್ಷದ ಹುಡುಗನ ಹಾಗಿದ್ದ. ಮೀಸೆ ಚಿಗುರಿಲ್ಲ, ಎತ್ತರ ಇಲ್ಲ, ಮೈಯಲ್ಲಿ ರಕ್ತವೇ ಇಲ್ಲ ಅನ್ನುವಷ್ಟು ಬಿಳಿಚಿಕೊಂಡಿದ್ದ. ಹಾಗಂತ ಅವನೇನು ಉಪವಾಸ ಇದ್ದವನಲ್ಲ. ದಿನವೂ ಗೋಧಿ ರೊಟ್ಟಿ ತಿನ್ನುತ್ತಿದ್ದ. ರೊಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ ಅಷ್ಟೇ. ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಅಂಥವರು ಆ ಭಾಗದಲ್ಲಿ ಅವನೊಬ್ಬನೇ ಅಲ್ಲ, ಇನ್ನೂ ಹಲವರಿದ್ದರು.

ಬರೀ ಕಬ್ಬಿಣಾಂಶದ ಕೊರತೆಯಿಂದ ಬೆಳವಣಿಗೆ ಹೀಗೆ ನಿಂತುಹೋಗುವುದಿಲ್ಲ. ಪ್ರಸಾದ್ ಅವರಿಗೆ ಜಿಂಕ್ ಮೇಲೆ ಅನುಮಾನ ಬಂತು. ನಮ್ಮಲ್ಲಿ ಸತು ಅನ್ನುತ್ತೇವಲ್ಲ, ಅದೇ. ಧಾನ್ಯದಲ್ಲಿ ಫೈಟೇಟ್ ಅಂತ ಒಂದು ಅಂಶ ಇರುತ್ತದೆ. ಅದು ಜಿಂಕ್, ಕಬ್ಬಿಣ ಎರಡನ್ನೂ ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ. ಹಿಟ್ಟನ್ನು ಹುಳಿ ಬರಿಸದೆ ಸುಟ್ಟ ರೊಟ್ಟಿಯಲ್ಲಿ ಫೈಟೇಟ್ ಹಾಗೇ ಉಳಿದಿರುತ್ತದೆ. ಮುಂದೆ ಈಜಿಪ್ಟಿನ ಹಳ್ಳಿಗಳ ಇಂಥದೇ ಹುಡುಗರಿಗೆ ಪ್ರಸಾದ್ ಜಿಂಕ್ ಕೊಟ್ಟು ನೋಡಿದರು. ಬೆಳವಣಿಗೆ ನಿಂತೇ ಹೋಗಿದ್ದವರು ಎತ್ತರ ಆದರು. ಆದರೂ ಮನುಷ್ಯರಲ್ಲಿ ಜಿಂಕ್ ಕೊರತೆ ಅನ್ನುವುದೊಂದು ಇದೆ ಅಂತ ಒಪ್ಪಲು ವೈದ್ಯಲೋಕ ಬಹಳ ವರ್ಷ ತಕರಾರು ತೆಗೆಯಿತು. ಅಮೆರಿಕದಲ್ಲಿ ಜಿಂಕ್ ಅಗತ್ಯ ಪೋಷಕಾಂಶ ಅಂತ ಅಧಿಕೃತವಾದದ್ದು 1974ರಲ್ಲಿ. ಇವತ್ತು ಮಗುವಿಗೆ ಭೇದಿ ಆದರೆ ಆಶಾ ಕಾರ್ಯಕರ್ತೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆಯನ್ನೂ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಹಾಗೆ ಶಿಫಾರಸು ಮಾಡಿದವು. ಜಿಂಕ್ ಕಮ್ಮಿಯಾದರೆ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಭೇದಿ, ನ್ಯುಮೋನಿಯಾ ಬಂದರೆ ತಡೆದುಕೊಳ್ಳುವುದು ಕಷ್ಟ.

ಇನ್ನೊಂದು ಸ್ವಾರಸ್ಯ. ಅದೇ 1958ರಲ್ಲಿ, ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯಲು ಶುರು ಮಾಡಿದರು. ಕೈಗಾರಿಕೆಗಳು ಬರುವುದಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ 280 ಪಾಲು ಇದ್ದ ಈ ಅನಿಲ, ಕೀಲಿಂಗ್ ಅಳೆದಾಗ 315ರ ಆಸುಪಾಸಿಗೆ ಬಂದಿತ್ತು. ಈಗ 420 ದಾಟಿದೆ. ಶಿರಾಜ್‌ನ ರೋಗಿಗೂ ಹವಾಯಿಯ ಗಾಳಿಗೂ ಸಂಬಂಧ ಇದೆ ಅಂತ ಆಗ ಯಾರಿಗೂ ಹೊಳೆಯುವ ಹಾಗಿರಲಿಲ್ಲ.

ಆ ಸಂಬಂಧ ಮೊದಲು ಹೊಳೆದದ್ದು ಒಬ್ಬ ಗಣಿತದ ವಿದ್ಯಾರ್ಥಿಗೆ. 1998ರಲ್ಲಿ ಇರಾಕ್ಲಿ ಲೊಲಾಡ್ಜೆ ಅಮೆರಿಕದ ಅರಿಜೋನಾದಲ್ಲಿ ಓದುತ್ತಿದ್ದರು. ಅಲ್ಲಿನ ಜೀವವಿಜ್ಞಾನಿಗಳು ಒಂದು ಪ್ರಯೋಗ ನಡೆಸಿದ್ದರು. ನೀರಿನಲ್ಲಿ ಪಾಚಿ. ಆ ಪಾಚಿ ತಿಂದು ಬದುಕುವ ಸಣ್ಣ ಸಣ್ಣ ಜೀವಿಗಳು. ಪಾಚಿಗೆ ಬೆಳಕು ಜಾಸ್ತಿ ಕೊಟ್ಟರೆ ಪಾಚಿ ಸೊಂಪಾಗಿ ಬೆಳೆಯುತ್ತದೆ, ತಿನ್ನುವ ಜೀವಿಗಳೂ ಚೆನ್ನಾಗಿರಬೇಕು, ಅಲ್ವಾ? ಪಾಚಿಯೇನೋ ಬೆಳೆಯಿತು. ಆದರೆ ಸ್ವಲ್ಪ ದಿನಕ್ಕೆ ಆ ಜೀವಿಗಳು ಸೊರಗತೊಡಗಿದವು. ಕಣ್ಣ ಮುಂದೆ ರಾಶಿ ಊಟ ಇದ್ದೂ ಸೊರಗಿದವು. ಪಾಚಿ ಬೇಗ ಬೇಗ ಬೆಳೆದು ಪಿಷ್ಟ ತುಂಬಿಕೊಂಡಿತ್ತು. ಬೇಕಾದ ರಂಜಕದ ಅಂಶ ಅದರಲ್ಲಿ ತೆಳುವಾಗಿತ್ತು. ಲೊಲಾಡ್ಜೆ ತಮ್ಮನ್ನೇ ಕೇಳಿಕೊಂಡರು: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಭೂಮಿ ಮೇಲಿನ ಗಿಡಗಳಿಗೂ ಇದೇ ಆಗುತ್ತದಾ? ನಾವು ಮನುಷ್ಯರೂ ಆ ಜೀವಿಗಳ ಜಾಗದಲ್ಲಿದ್ದೇವಾ?

ಈ ಪ್ರಶ್ನೆಗೆ ದುಡ್ಡು ಕೊಡಲು ಬಹಳ ಕಾಲ ಯಾರೂ ಮುಂದೆ ಬರಲಿಲ್ಲ. ಕೃಷಿಯವರು ಇಳುವರಿ ನೋಡುತ್ತಾರೆ. ವೈದ್ಯರು ರೋಗಿಯನ್ನು ನೋಡುತ್ತಾರೆ. ನಡುವೆ ಇರುವ ಕಾಳಿನ ಒಳಗೆ ಏನಿದೆ ಅಂತ ನೋಡುವುದು ಯಾರ ಇಲಾಖೆ? ಕೊನೆಗೆ ಬೇರೆಯವರು ಮಾಡಿದ್ದ ಪ್ರಯೋಗಗಳ ಅಂಕಿಗಳನ್ನೇ ಹೆಕ್ಕಿ ಹೆಕ್ಕಿ, 130 ಜಾತಿಯ ಗಿಡಗಳ ಲೆಕ್ಕವನ್ನು ಲೊಲಾಡ್ಜೆ 2014ರಲ್ಲಿ ಪ್ರಕಟಿಸಿದರು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಾಗ ಗಿಡಗಳಲ್ಲಿನ ಖನಿಜಾಂಶ ಸರಾಸರಿ ಶೇ. 8ರಷ್ಟು ಇಳಿದಿತ್ತು.

ಅದೇ ವರ್ಷ ಹಾರ್ವರ್ಡ್‌ನ ಸ್ಯಾಮುಯೆಲ್ ಮೈಯರ್ಸ್ ಮತ್ತು ಸಂಗಡಿಗರ ದೊಡ್ಡ ಅಧ್ಯಯನವೂ ಬಂತು. ಈ ಪ್ರಯೋಗಗಳು ನಡೆಯುವ ಬಗೆ ನೋಡುವಂಥದ್ದು. ಗಾಜಿನ ಮನೆಯಲ್ಲಿ ಅಲ್ಲ, ಬಯಲ ಗದ್ದೆಯಲ್ಲೇ. ಗದ್ದೆಯ ಒಂದು ಭಾಗಕ್ಕೆ ದೊಡ್ಡ ಉಂಗುರದ ಹಾಗೆ ಕೊಳವೆ ಹಾಕಿರುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಯ ಕೊಳವೆಯಿಂದ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಉಂಗುರದ ಒಳಗಿನ ಪೈರು ಸುಮಾರು 2050ರ ಗಾಳಿಯಲ್ಲಿ ಬೆಳೆಯುತ್ತದೆ, ಅಂದರೆ 550ರ ಆಸುಪಾಸು. ಪಕ್ಕದ ಪೈರು ಇವತ್ತಿನ ಗಾಳಿಯಲ್ಲಿ. ಮಣ್ಣು ಒಂದೇ, ಮಳೆ ಒಂದೇ, ಗೊಬ್ಬರ ಒಂದೇ. ಜಪಾನ್, ಆಸ್ಟ್ರೇಲಿಯಾ, ಅಮೆರಿಕಗಳ ಇಂಥ ಹೊಲಗಳ ಕಾಳನ್ನು ತಂದು ಅಳೆದರು.

ಗೋಧಿಯಲ್ಲಿ ಜಿಂಕ್ ಶೇ. 9.3, ಕಬ್ಬಿಣ ಶೇ. 5.1, ಪ್ರೋಟೀನ್ ಶೇ. 6.3 ಕಮ್ಮಿ. ಭತ್ತದಲ್ಲಿ ಪ್ರೋಟೀನ್ ಶೇ. 7.8, ಕಬ್ಬಿಣ ಶೇ. 5.2, ಜಿಂಕ್ ಶೇ. 3.3 ಕಮ್ಮಿ. 2018ರಲ್ಲಿ ಚೀನಾ ಮತ್ತು ಜಪಾನಿನ ಗದ್ದೆಗಳಲ್ಲಿ 18 ಭತ್ತದ ತಳಿಗಳ ಮೇಲೆ ನಡೆದ ಕೆಲಸದಲ್ಲಿ ಬಿ ಗುಂಪಿನ ವಿಟಮಿನ್‌ಗಳೂ ಇಳಿದದ್ದು ಕಂಡಿತು. ಅದರಲ್ಲಿ ಫೋಲೇಟ್ ಸುಮಾರು ಶೇ. 30ರಷ್ಟು ಇಳಿದಿತ್ತು. ಬಸುರಿಯರಿಗೆ ಆಸ್ಪತ್ರೆಯಲ್ಲಿ ಫೋಲಿಕ್ ಆ್ಯಸಿಡ್ ಮಾತ್ರೆ ಕೊಡುತ್ತಾರಲ್ಲ, ಅದೇ ವಿಟಮಿನ್. ಅದು ಕಮ್ಮಿಯಾದರೆ ಹುಟ್ಟುವ ಮಗುವಿನ ಬೆನ್ನುಹುರಿ, ಮೆದುಳಿನಲ್ಲಿ ದೋಷ ಬರುವ ಅಪಾಯ.

ಯಾಕೆ ಹೀಗಾಗುತ್ತದೆ? ಒಂದೇ ಕಾರಣ ಇಲ್ಲ. ಕಾರ್ಬನ್ ಡೈಆಕ್ಸೈಡ್ ಗಿಡಕ್ಕೆ ಊಟ. ಊಟ ಜಾಸ್ತಿ ಸಿಕ್ಕರೆ ಪಿಷ್ಟ ಜಾಸ್ತಿ ಮಾಡುತ್ತದೆ. ಆದರೆ ಬೇರಿನಿಂದ ಬರುವ ಜಿಂಕ್, ಕಬ್ಬಿಣ ಅದೇ ಲೆಕ್ಕದಲ್ಲಿ ಏರುವುದಿಲ್ಲ. ನೆಂಟರು ಜಾಸ್ತಿ ಬಂದಾಗ ಸಾರಿಗೆ ನೀರು ಬೆರೆಸಿದ ಹಾಗೆ. ಎರಡನೆಯದು, ಗಾಳಿಯಲ್ಲಿ ಊಟ ಸುಲಭವಾಗಿ ಸಿಕ್ಕಾಗ ಎಲೆಯ ರಂಧ್ರಗಳನ್ನು ಗಿಡ ಅಷ್ಟಾಗಿ ತೆರೆಯುವುದಿಲ್ಲ. ಎಲೆಯಿಂದ ನೀರು ಆವಿಯಾಗಿ ಹೋಗುವುದು ಕಮ್ಮಿಯಾದರೆ ಬೇರು ನೀರೆಳೆಯುವುದೂ ಕಮ್ಮಿ. ಆ ನೀರಿನ ಜೊತೆ ಬರುವ ಖನಿಜವೂ ಕಮ್ಮಿ. ಪ್ರೋಟೀನ್ ವಿಷಯಕ್ಕೆ ಬಂದರೆ, ಸಾರಜನಕವನ್ನು ಗಿಡ ಬಳಸುವ ರೀತಿಯೇ ಬದಲಾಗುತ್ತದೆ. ಬಟಾಣಿ, ಸೋಯಾ ಥರದ ದ್ವಿದಳ ಬೆಳೆಗಳು ತಮ್ಮ ಬೇರಿನ ಗಂಟುಗಳಲ್ಲೇ ಸಾರಜನಕ ಕಟ್ಟಿಕೊಳ್ಳುವುದರಿಂದ ಅವುಗಳ ಪ್ರೋಟೀನ್ ಅಷ್ಟಾಗಿ ಇಳಿಯಲಿಲ್ಲ. ಜಿಂಕ್, ಕಬ್ಬಿಣ ಮಾತ್ರ ಅವುಗಳಲ್ಲೂ ಇಳಿಯಿತು.

ಇಲ್ಲಿ ಒಬ್ಬ ಜಾಣ ಎದ್ದು ನಿಂತು ಕೇಳಬಹುದು. "ಬರೀ ಐದು ಪರ್ಸೆಂಟು ತಾನೇ? ಒಂದು ತುತ್ತು ಜಾಸ್ತಿ ಉಂಡರಾಯಿತು." ನ್ಯಾಯವಾದ ಪ್ರಶ್ನೆಯೇ. ತಟ್ಟೆಯಲ್ಲಿ ಮೀನು, ಮೊಟ್ಟೆ, ಬೇಳೆ, ಹಾಲು, ಸೊಪ್ಪು ಎಲ್ಲ ಇರುವವರಿಗೆ ಈ ಐದು ಪರ್ಸೆಂಟು ಲೆಕ್ಕಕ್ಕಿಲ್ಲ. ನನ್ನನ್ನೂ ಸೇರಿಸಿ ಈ ಸಭೆಯಲ್ಲಿರುವ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ಏಷ್ಯಾದಲ್ಲಿ ಸುಮಾರು 60 ಕೋಟಿ ಜನಕ್ಕೆ ದೇಹದ ಶಕ್ತಿಯ ಅಥವಾ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಅಕ್ಕಿಯಿಂದಲೇ. ಬಾಂಗ್ಲಾದೇಶ, ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ಈ ಕಡೆಯ ಬಡವರು. ಅವರಲ್ಲಿ ಎಷ್ಟೋ ಜನ ಈಗಾಗಲೇ ಕೊರತೆಯ ಗೆರೆಯ ಅಂಚಿನಲ್ಲಿದ್ದಾರೆ. ಅಂಚಿನಲ್ಲಿ ನಿಂತವರನ್ನು ಬೀಳಿಸಲು ಐದು ಪರ್ಸೆಂಟು ಸಾಕು. 2018ರಲ್ಲಿ ಮ್ಯಾಥ್ಯೂ ಸ್ಮಿತ್ ಮತ್ತು ಮೈಯರ್ಸ್ ಹಾಕಿದ ಅಂದಾಜಿನ ಪ್ರಕಾರ, ಗಾಳಿ 550 ಮುಟ್ಟಿದಾಗ ಜಗತ್ತಿನಲ್ಲಿ ಹೊಸದಾಗಿ 17.5 ಕೋಟಿ ಜನ ಜಿಂಕ್ ಕೊರತೆಗೆ, 12.2 ಕೋಟಿ ಜನ ಪ್ರೋಟೀನ್ ಕೊರತೆಗೆ ಬೀಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಪಾಲು ಭಾರತದ್ದು. ಜಿಂಕ್ ಕೊರತೆಗೆ 5 ಕೋಟಿ, ಪ್ರೋಟೀನ್ ಕೊರತೆಗೆ 3.8 ಕೋಟಿ.

ಒಂದು ತುತ್ತು ಜಾಸ್ತಿ ಉಣ್ಣುವ ಉಪಾಯಕ್ಕೆ ಇನ್ನೊಂದು ತೊಡಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಜಿಂಕ್ ಸಾಲದು ಅಂತ ಅನ್ನ ಜಾಸ್ತಿ ಉಂಡರೆ ಜಿಂಕ್ ಒಂದು ಚೂರು ಬರುತ್ತದೆ, ಪಿಷ್ಟ ಬೊಗಸೆ ಬೊಗಸೆ ಬರುತ್ತದೆ. ಒಂದೇ ಮನೆಯಲ್ಲಿ ರಕ್ತ ಇಲ್ಲದ ಸೊಸೆ, ಶುಗರ್ ಇರುವ ಮಾವ, ಕುಳ್ಳಗೆ ಉಳಿದ ಮೊಮ್ಮಗು. ಮೂವರೂ ಉಣ್ಣುವುದು ಒಂದೇ ಪಾತ್ರೆಯ ಅನ್ನ.

ಈಗ ಊಟದ ವ್ಯವಸ್ಥೆಯ ಕಡೆ ಬರೋಣ. ಎಲ್ಲ ತಪ್ಪನ್ನೂ ಗಾಳಿಯ ಮೇಲೆ ಹಾಕುವುದು ಸರಿಯಲ್ಲ.

ಪಶ್ಚಿಮ ಬಂಗಾಳದ ಬಿಧಾನ್ ಚಂದ್ರ ಕೃಷಿ ವಿಶ್ವವಿದ್ಯಾಲಯ ಮತ್ತು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ವಿಜ್ಞಾನಿಗಳು ಒಂದು ಸರಳವಾದ, ಆದರೆ ಬಹಳ ಒಳ್ಳೆಯ ಕೆಲಸ ಮಾಡಿದರು. 1960ರ ದಶಕದಿಂದ ಈಚೆಗೆ ಬಿಡುಗಡೆಯಾದ ಮುಖ್ಯ ಭತ್ತ, ಗೋಧಿ ತಳಿಗಳ ಬೀಜಗಳನ್ನು ಬೀಜ ಸಂಗ್ರಹಗಳಿಂದ ತಂದು, ಒಂದೇ ಕಾಲದಲ್ಲಿ ಒಟ್ಟಿಗೆ ಬೆಳೆದರು. ಗಾಳಿ ಎಲ್ಲಕ್ಕೂ ಒಂದೇ. ತಳಿ ಮಾತ್ರ ಬೇರೆ. 60ರ ದಶಕದ ಭತ್ತದಲ್ಲಿ ಕೆ.ಜಿ.ಗೆ 27 ಮಿಲಿಗ್ರಾಂ ಇದ್ದ ಜಿಂಕ್, 2000ದ ದಶಕದ ತಳಿಗಳಲ್ಲಿ 21ರ ಹತ್ತಿರಕ್ಕೆ ಇಳಿದಿತ್ತು. ಗೋಧಿಯಲ್ಲಿ 33ರಿಂದ 23ಕ್ಕೆ. ಕಬ್ಬಿಣವೂ ಹಾಗೇ. ಅಂದರೆ ಹಸಿರು ಕ್ರಾಂತಿಯ ತಳಿಗಾರರು ಇಳುವರಿಯ ಬೆನ್ನು ಹತ್ತಿದ ಐವತ್ತು ವರ್ಷಗಳಲ್ಲಿ ಕಾಲು ಭಾಗ ಸತ್ವ ಕೈಬಿಟ್ಟುಹೋಗಿದೆ. ಮುಂದಿನ ಗಾಳಿ ಇನ್ನೂ ಐದು ಪರ್ಸೆಂಟು ಕಸಿದುಕೊಳ್ಳುವುದು ಇದರ ಮೇಲೆ.

ತಳಿಗಾರರನ್ನು ಬೈಯಲು ನನಗೆ ಮನಸ್ಸಿಲ್ಲ. 1960ರ ದಶಕದಲ್ಲಿ ದೇಶ ಗೋಧಿ ಹೊತ್ತು ಬರುವ ಅಮೆರಿಕದ ಹಡಗಿಗೆ ಕಾದು ಕೂತಿತ್ತು. ಆಗ ಬೇಕಾದದ್ದು ಚೀಲ. ಅವರು ಚೀಲ ತುಂಬಿಸಿಕೊಟ್ಟರು. ಆದರೆ ಹೊಸ ತಳಿ ಬಿಡುಗಡೆ ಮಾಡುವಾಗ ಕಾಳಿನಲ್ಲಿ ಜಿಂಕ್ ಎಷ್ಟಿದೆ ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲೇ ಇಲ್ಲ. ಮೇಲಿಂದ ಗಿರಣಿಯ ಪಾಲಿಶ್ ಬೇರೆ. ತೌಡಿನ ಜೊತೆ ಕಬ್ಬಿಣ, ಬಿ ವಿಟಮಿನ್ ಎಲ್ಲ ಹೋಗುತ್ತವೆ. ಅಕ್ಕಿ ಮಲ್ಲಿಗೆಯಷ್ಟು ಬೆಳ್ಳಗಿರಬೇಕು ಅನ್ನುವ ನಮ್ಮ ಹಟ ಇದೆಯಲ್ಲ, ಅದು ತೆಗೆಯುವಷ್ಟು ಕಬ್ಬಿಣವನ್ನು ಕಾರ್ಬನ್ ಡೈಆಕ್ಸೈಡ್ ಕೂಡ ತೆಗೆಯುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67. ಕರ್ನಾಟಕದಲ್ಲೂ ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತ ಕಮ್ಮಿ. ನಾವು 2050ರ ಸಮಸ್ಯೆಯನ್ನು ಈಗಾಗಲೇ ಮನೆಯಲ್ಲಿ ಇಟ್ಟುಕೊಂಡೇ ಕೂತಿದ್ದೇವೆ.

ಇಷ್ಟು ಹೊತ್ತು ಕೆಟ್ಟ ಸುದ್ದಿ ಆಯಿತು. ಈಗ ರಾಗಿಯ ಕಡೆ ಬರುತ್ತೇನೆ. (ಸಭೆಯಲ್ಲಿ ನಗು. ಹಳೇ ಮೈಸೂರಿನವನು ಎಲ್ಲಿಂದ ಹೊರಟರೂ ರಾಗಿಗೇ ಬಂದು ನಿಲ್ಲುತ್ತಾನೆ ಅಂತ ಯಾರೋ ಹಿಂದಿನಿಂದ ಹೇಳಿದರು.)

ಗಿಡಗಳಲ್ಲಿ ಗಾಳಿಯಿಂದ ಕಾರ್ಬನ್ ಹಿಡಿಯುವ ಕ್ರಮ ಮುಖ್ಯವಾಗಿ ಎರಡು. ಭತ್ತ, ಗೋಧಿ, ಬೇಳೆಕಾಳುಗಳದ್ದು ಹಳೆಯ ಕ್ರಮ, ವಿಜ್ಞಾನಿಗಳು ಸಿ-3 ಅನ್ನುತ್ತಾರೆ. ರಾಗಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಕಬ್ಬು ಇವುಗಳದ್ದು ಸಿ-4. ಬಿಸಿಲು, ಒಣಹವೆಗೆ ಹೊಂದಿಕೊಂಡ ಗಿಡಗಳು ಇವು. ಇವುಗಳ ಎಲೆಯೊಳಗೆ ಕಾರ್ಬನ್ ಡೈಆಕ್ಸೈಡನ್ನು ಒತ್ತಿ ಒಂದೆಡೆ ಕೂಡಿಹಾಕುವ ಏರ್ಪಾಡು ಮೊದಲಿಂದಲೇ ಇದೆ. ಒಳಗೇ ಬೇಕಾದಷ್ಟು ಇರುವುದರಿಂದ ಹೊರಗಿನ ಗಾಳಿಯಲ್ಲಿ ಜಾಸ್ತಿಯಾದರೂ ಇವು ಹೆಚ್ಚು ಪಿಷ್ಟ ತುಂಬಿಕೊಳ್ಳಲು ಹೋಗುವುದಿಲ್ಲ. ಮೈಯರ್ಸ್ ತಂಡ ಜೋಳ, ಮುಸುಕಿನ ಜೋಳಗಳನ್ನೂ ಉಂಗುರದೊಳಗೆ ಬೆಳೆದ ಕಾಳಿನಿಂದ ಅಳೆದಿತ್ತು. ಅವುಗಳಲ್ಲಿ ಸತ್ವದ ಇಳಿಕೆ ಭತ್ತ, ಗೋಧಿಗಿಂತ ತೀರಾ ಕಮ್ಮಿ. ರಾಗಿ, ಸಜ್ಜೆ ಅದೇ ಗುಂಪಿಗೆ ಸೇರಿದವು.

ಜೊತೆಗೆ ರಾಗಿ ಶುರುವಿನಲ್ಲೇ ಮುಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಲ್ಲಿ, 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ 0.65 ಮಿಲಿಗ್ರಾಂ, ಜಿಂಕ್ 1.2. ಅಷ್ಟೇ ರಾಗಿಯಲ್ಲಿ ಕಬ್ಬಿಣ 4.6, ಜಿಂಕ್ 2.5, ಕ್ಯಾಲ್ಸಿಯಂ 364. ಆದರೆ ಶಿರಾಜ್‌ನ ರೊಟ್ಟಿ ನೆನಪಿರಲಿ. ರಾಗಿಯಲ್ಲೂ ಫೈಟೇಟ್ ಇದೆ, ಅದರ ಹಾಗೇ ಕಬ್ಬಿಣವನ್ನು ಹಿಡಿದಿಡುವ ಟ್ಯಾನಿನ್ ಇದೆ. ಪಟ್ಟಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಮಗುವಿಗೆ ರಾಗಿ ಸರಿ ಮಾಡುತ್ತಾರಲ್ಲ, ಆ ಮೊಳಕೆಯಲ್ಲಿ ಫೈಟೇಟ್ ಒಡೆಯುತ್ತದೆ. ಮುದ್ದೆಯ ಜೊತೆ ಸೊಪ್ಪಿನ ಬಸ್ಸಾರು, ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಇನ್ನಷ್ಟು ಸೇರುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಅದರಲ್ಲಿ ಎಷ್ಟೋ ಪಾಲು ಹಾಳು.

"ಹಳೇ ಕಾಲದ ಊಟಕ್ಕೆ ವಾಪಸ್ ಹೋಗೋಣ" ಅನ್ನುವ ಭಾಷಣ ಮಾತ್ರ ನನಗೆ ಹಿಡಿಸುವುದಿಲ್ಲ. ಇವತ್ತು ನಾವು ರಾಗಿಯ ಬಗ್ಗೆ ಇಷ್ಟು ಮಾತಾಡಲು ಆಗುತ್ತಿರುವುದೇ ಹೊಸ ವಿಜ್ಞಾನದಿಂದ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಮಾಡಿದ ಕೆಲಸ ಇಲ್ಲಿ ಎಷ್ಟೋ ಜನಕ್ಕೆ ಗೊತ್ತು. ರಾಗಿ ಹೂವು ತೀರಾ ಪುಟ್ಟದು, ತನ್ನಷ್ಟಕ್ಕೇ ಪರಾಗಸ್ಪರ್ಶ ಮಾಡಿಕೊಂಡುಬಿಡುತ್ತದೆ. ಅದನ್ನು ಬೇರೆ ತಳಿಯೊಂದಿಗೆ ಕೂಡಿಸುವುದು ಬಹಳ ತಾಳ್ಮೆಯ ಕೆಲಸ. ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ದುಪ್ಪಟ್ಟು ಆಯಿತು. ಹಳೇ ಮೈಸೂರಿನ ರೈತರು ಅವರನ್ನು ರಾಗಿ ಬ್ರಹ್ಮ ಅಂತ ಕರೆದದ್ದು ಸುಮ್ನೆ ಅಲ್ಲ. ರಾಗಿಯ ಮೂಲ ಊರೇ ಪೂರ್ವ ಆಫ್ರಿಕಾ. ಸಾವಿರಾರು ವರ್ಷದ ಹಿಂದೆ ಕಡಲು ದಾಟಿ ಬಂದ ಬೆಳೆಗೆ ಮಂಡ್ಯದಲ್ಲಿ ಮತ್ತೆ ತವರಿನ ನಂಟು ಬೆಳೆಯಿತು. ಮುಂದಿನ ಐವತ್ತು ವರ್ಷಕ್ಕೆ ಬೇಕಿರುವುದು ಅಂಥದೇ ಕೆಲಸ, ಈ ಸಲ ಇಳುವರಿಯ ಜೊತೆ ಸತ್ವಕ್ಕೂ. ಅದು ಶುರುವಾಗಿಯೂ ಇದೆ. 2013ರಲ್ಲಿ ಬಾಂಗ್ಲಾದೇಶ ಜಿಂಕ್ ಹೆಚ್ಚಿರುವ ಭತ್ತದ ತಳಿಯನ್ನು ರೈತರ ಕೈಗೆ ಕೊಟ್ಟಿತು. 2016ರಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯಿಂದ ಡಿಆರ್‌ಆರ್ ಧಾನ್ 45 ಬಂತು. ತಳಿಯಿಂದ ತಳಿಗೆ ಜಿಂಕ್ ಪ್ರಮಾಣದಲ್ಲಿ ಇರುವ ವ್ಯತ್ಯಾಸ, ಗಾಳಿ ಕಸಿಯುವ ಐದು ಪರ್ಸೆಂಟಿಗಿಂತ ಎಷ್ಟೋ ಜಾಸ್ತಿ. ಅಂದರೆ ಗುಡ್ಡ ಹತ್ತಲಾರದಷ್ಟು ಎತ್ತರವೇನಿಲ್ಲ.

ಸಿರಿಧಾನ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತು. ಮೇಳ ನಡೆದವು, ನಡಿಗೆ ನಡೆದವು. ಬೆಂಗಳೂರಿನ ಅಂಗಡಿಯಲ್ಲಿ ನವಣೆ ಪೊಟ್ಟಣದ ಬೆಲೆ ಏರಿತು. ಶುಗರ್ ಇರುವ ಸಿರಿವಂತರು ತಿಂದರು, ಸಂತೋಷ. ಆದರೆ ಜಿಂಕ್ ಕೊರತೆ ಇರುವುದು ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವವರಿಗೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳ ರೇಷನ್‌ನಲ್ಲಿ ಸಿಗುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಬೆಂಬಲ ಬೆಲೆಗೆ ಸರ್ಕಾರ ರಾಗಿ ಕೊಳ್ಳುತ್ತದೆ. ಮೇಳಕ್ಕಿಂತ ಇದು ದೊಡ್ಡ ಕೆಲಸ. ಇದಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲ ಅಷ್ಟೇ.

ಇನ್ನು ಬೇಗ ಬೇಗ ಎರಡು ವಿಷಯ ಹೇಳಿ ಮುಗಿಸುತ್ತೇನೆ.

ಒಂದು, ಬೆಲೆ. 2016ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಕೊ ಸ್ಪ್ರಿಂಗ್‌ಮನ್ ತಂಡ ಒಂದು ಅಂದಾಜು ಮಾಡಿತು. ಹವಾಮಾನ ಬದಲಾವಣೆಯಿಂದ ಊಟದಲ್ಲಾಗುವ ವ್ಯತ್ಯಾಸಕ್ಕೆ 2050ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸಾಯುತ್ತಾರೆ ಅಂತ. ಹಸಿವಿನಿಂದ ಅಂದುಕೊಂಡರೆ ತಪ್ಪು. ಹಣ್ಣು ತರಕಾರಿ ತಿನ್ನುವುದು ಕಮ್ಮಿಯಾಗಿ ಹೃದಯದ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್‌ನಿಂದ ಸಾಯುವವರು, ತೂಕ ಕಳೆದುಕೊಂಡು ಸಾಯುವವರಿಗಿಂತ ಎರಡು ಪಟ್ಟು. ಇದು ಹೇಗೆ ಅಂತ 2023ರ ಜುಲೈನಲ್ಲಿ ನಾವೇ ನೋಡಿದೆವು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಬಡವರ ಮನೆಯಲ್ಲಿ ಅನ್ನ ನಿಲ್ಲಲಿಲ್ಲ, ತರಕಾರಿ ನಿಂತಿತು. ಅದೇ ತಿಂಗಳು 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದ ಇಂಡಿಯನ್ ಸ್ಟೋರ್‌ಗಳಲ್ಲಿ ಸೋನಾ ಮಸೂರಿಗೆ ಕ್ಯೂ ನಿಂತಿತು. ಅಲ್ಲಿರುವ ನಮ್ಮವರು ಕಾರಿನ ಡಿಕ್ಕಿ ತುಂಬ ಚೀಲ ಹೊತ್ತೊಯ್ದರು. ಅವರಿಗೆ ಅದು ಒಂದು ವಾರದ ಗಾಬರಿ. ಭಾರತದ ಅಕ್ಕಿಯನ್ನೇ ನಂಬಿದ ಪಶ್ಚಿಮ ಆಫ್ರಿಕಾದ ಮನೆಗಳಿಗೆ ಅದು ಊಟದ ಪ್ರಶ್ನೆ. ಇಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗದೆ, ಬದಲಿಗೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ಅತಿ ಕಮ್ಮಿ ಮಳೆಯಾದ ಆಗಸ್ಟ್.

ಎರಡು, ಬೂಷ್ಟು. ಕಾಯಿ ಕಟ್ಟುವ ಹೊತ್ತಿಗೆ ಬಿಸಿಲು ಹೊಡೆದು ನೀರಿಲ್ಲದೆ ಬಳಲಿದ ಕಡಲೆಕಾಯಿ, ಮುಸುಕಿನ ಜೋಳಗಳಿಗೆ ಒಂದು ಬಗೆಯ ಬೂಷ್ಟು ಹತ್ತುತ್ತದೆ. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. ಒಂದೇ ಸಲ ಹೆಚ್ಚು ಹೋದರೆ ಲಿವರ್ ಕೈಕೊಡುತ್ತದೆ, ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೋದರೆ ಲಿವರ್ ಕ್ಯಾನ್ಸರ್. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ಕೀನ್ಯಾದಲ್ಲಿ 125 ಜನ. ಬಿಸಿಲು ಏರಿದ ಹಾಗೆ ಇದು ಯುರೋಪಿನ ಹೊಲಗಳಿಗೂ ಬರುತ್ತಿದೆ. ಚಳ್ಳಕೆರೆ, ಪಾವಗಡದ ಕಡೆಯವರು ಯಾರಾದರೂ ಇದ್ದರೆ, ಬೂಷ್ಟು ಹಿಡಿದ ಕಾಯಿಯನ್ನು ಹಸುವಿಗೂ ಹಾಕಬೇಡಿ. ವಿಷ ಹಾಲಿನಲ್ಲಿ ಇಳಿದು ಬರುತ್ತದೆ.

ಪ್ರಶ್ನೆಗಳು ಹಲವು ಬಂದವು. ಮೂರನ್ನು ಇಲ್ಲಿ ಬರೆದಿದ್ದೇನೆ.

"ಹಾಗಾದರೆ ಅನ್ನ ಬಿಡಬೇಕಾ ಸಾರ್?" ಬೇಡ. ಅನ್ನ ಬಿಟ್ಟು ಬದುಕುವುದು ನನಗೂ ಆಗುವುದಿಲ್ಲ. ಒಂದು ಹೊತ್ತು ಮುದ್ದೆಯೋ ರೊಟ್ಟಿಯೋ ಇರಲಿ. ಅಕ್ಕಿ ಸ್ವಲ್ಪ ಕಮ್ಮಿ ಪಾಲಿಶ್ ಇರಲಿ. ಅನ್ನದ ಪಕ್ಕದಲ್ಲಿರುವ ಕಾಳು, ಸೊಪ್ಪು ಜಾಸ್ತಿಯಾಗಲಿ.

"ರೇಷನ್‌ನಲ್ಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತಲ್ಲ, ನೀರಿಗೆ ಹಾಕಿದರೆ ತೇಲುತ್ತೆ, ಅದೇನು?" ಅದು ಪ್ಲಾಸ್ಟಿಕ್ ಅಲ್ಲಮ್ಮ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆ್ಯಸಿಡ್, ಬಿ-12 ಸೇರಿಸಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. 2024ರ ಮಾರ್ಚ್ ಹೊತ್ತಿಗೆ ಸರ್ಕಾರಿ ಯೋಜನೆಗಳ ಅಕ್ಕಿಯೆಲ್ಲ ಹೀಗೇ ಆಗಿತ್ತು. ಅದನ್ನು ಆರಿಸಿ ಎಸೆದರೆ ಕೊಟ್ಟದ್ದನ್ನು ಎಸೆದ ಹಾಗೆ. ಜನಕ್ಕೆ ಮೊದಲೇ ತಿಳಿಸಿ ಹೇಳಿದ್ದರೆ ಈ ಗುಮಾನಿಯೇ ಬರುತ್ತಿರಲಿಲ್ಲ. ನನ್ನ ಇನ್ನೊಂದು ತಕರಾರು, ಆ ಕಾಳಿಗೆ ಜಿಂಕ್ ಸೇರಿಸುವುದು ಕಡ್ಡಾಯ ಅಲ್ಲ. ಬೇಕಾದರೆ ಸೇರಿಸಬಹುದು ಅಂತ ನಿಯಮ ಇದೆ ಅಷ್ಟೇ. ಅದನ್ನು ಕಡ್ಡಾಯ ಮಾಡುವ ಬಗ್ಗೆ ಚರ್ಚೆ ಆಗಬೇಕು.

ಕೊನೆಗೆ ಒಬ್ಬ ಶಿಕ್ಷಕಿ ಕೇಳಿದರು. "2050ರ ಮಾತು ಇರಲಿ. ನನ್ನ ಶಾಲೆಯ ಮಕ್ಕಳಿಗೆ ಈಗ ಏನು ಕೊಡಬೇಕು?" ಉತ್ತರ ನಿಮ್ಮ ಶಾಲೆಯಲ್ಲೇ ಇದೆ ಮೇಡಂ. ಬಿಸಿಯೂಟ ಇದೆ, ಹಾಲಿನ ಜೊತೆ ರಾಗಿ ಮಾಲ್ಟ್ 2024ರಲ್ಲಿ ಶುರುವಾಯಿತು, ಮೊಟ್ಟೆಯೂ ವಾರಕ್ಕೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಇದೆ. ಆದರೆ ಪ್ರೋಟೀನ್, ಬಿ-12 ಲೆಕ್ಕದಲ್ಲಿ ಬಾಳೆಹಣ್ಣು ಮೊಟ್ಟೆಗೆ ಸಮ ಅಲ್ಲ. ಮೊಟ್ಟೆ ವಿಷಯಕ್ಕೆ ನಮ್ಮ ರಾಜ್ಯದಲ್ಲಿ ಎಷ್ಟು ಜಗಳ ಆಗಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಿನ್ನದ ಮನೆಯ ಮಗುವಿಗೆ ಯಾರೂ ಬಲವಂತ ಮಾಡುವುದು ಬೇಡ. ತಿನ್ನುವ ಮನೆಯ ಮಗುವಿನ ತಟ್ಟೆಯಿಂದ ತೆಗೆಯುವುದೂ ಬೇಡ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಮಾತು ಬಂದಾಗ, ರಕ್ತಹೀನತೆ ಇರುವ ಮಕ್ಕಳು ನಿಮ್ಮ ಶಾಲೆಯಲ್ಲಿ ಎಷ್ಟಿದ್ದಾರೆ ಅನ್ನುವ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತರಿಸಿ ಮುಂದಿಡಿ. ಹೆಸರು ಬೇಡ, ಸಂಖ್ಯೆ ಸಾಕು.